ತೆಳಿವ್ ಎವಿಡೆ, ಮಾಷೇ?

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವನು. ಕಂಗಿನ (ಅಡಿಕೆ ಮರದ) ತೋಟದ ನಡುವೆ ಮನೆ, ಕನ್ನಡ ಮಾಧ್ಯಮದ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವ ಕೆಲಸ. ವಾರವಿಡೀ ಸ್ಟಾಫ್ ರೂಮಿನಲ್ಲಿ ಮಲಯಾಳಂ ವಿಭಾಗದ ಮಾಷ್‌ಗಳ ಜೊತೆ ವಾದ. ಆದಿತ್ಯವಾರ ಪುತ್ತೂರಿನಿಂದ ಭಾವ ಬಂದರೆ ಜಗಲಿಯಲ್ಲಿ ವಾದ. ಎರಡು ಕಡೆಯೂ ವಿಷಯ ಹೆಚ್ಚುಕಮ್ಮಿ ಒಂದೇ. ಕರೆಂಟು, ಮಳೆ, ಕ್ಷಿಪಣಿ. ವಾದ ಮಾಡುವ ಕ್ರಮ ಮಾತ್ರ ಬೇರೆ. ಇಷ್ಟು ವರ್ಷ ಈ ಎರಡರ ನಡುವೆ ಕೂತು ನನಗೆ ಅನಿಸಿದ್ದನ್ನು ಹೇಳಬೇಕು ಅಂತ ಬಹಳ ದಿನದಿಂದ ಇತ್ತು.

ಸ್ಟಾಫ್ ರೂಮಿನಲ್ಲಿ ಯಾರಾದರೂ ಏನಾದರೂ ಹೇಳಿದ ತಕ್ಷಣ ಎದುರಿನ ಮೇಜಿನಿಂದ ಒಂದು ಪ್ರಶ್ನೆ ಬರುತ್ತದೆ: 'ತೆಳಿವ್ ಎವಿಡೆ, ಮಾಷೇ?' ಅಂದರೆ ಪುರಾವೆ ಎಲ್ಲಿ? ಮೊದಮೊದಲು ಇದು ನನಗೆ ಒರಟಾಗಿ ಕಾಣುತ್ತಿತ್ತು. ನಮ್ಮಲ್ಲಿ ಹಾಗೆ ಮುಖಕ್ಕೆ ಕೇಳಿದರೆ ಎದುರಿನವರಿಗೆ ಬೇಜಾರಾಗುತ್ತದೆ. ಆಮೇಲೆ ಒಂದು ದಿನ ಆ ಪದವೇ ನನ್ನನ್ನು ನಿಲ್ಲಿಸಿತು. ಅವರ ತೆಳಿವು, ನಮ್ಮ ತಿಳಿವು, ಎರಡೂ ಒಂದೇ ಬೇರಿನವು. ತಿಳಿನೀರು ಅನ್ನುತ್ತೇವಲ್ಲ, ಅದೇ ತಿಳಿ. ನಮಗೆ ಅದು ಒಳಗೆ ಆಗುವ ಅರಿವು. ಅವರಿಗೆ ಅದು ಹೊರಗೆ ತಂದು ಮೇಜಿನ ಮೇಲೆ ಇಡುವ ವಸ್ತು.

ಕೈಗಾ ಅಣುವಿದ್ಯುತ್ ಸ್ಥಾವರದ ವಾದವನ್ನೇ ನೋಡಿ. ಭಾವನಿಗೆ ಕೈಗಾ ಎಂದರೆ ಅಭಿಮಾನ. ಅಲ್ಲಿನ ಒಂದನೇ ಘಟಕ 2018ರ ಕೊನೆಯವರೆಗೆ 962 ದಿನ ಒಂದೇ ಸಮನೆ ಓಡಿತು. ಆಗ ಅದು ಜಗತ್ತಿನ ದಾಖಲೆ. ಆಮೇಲೆ ಕೆನಡಾದ ಒಂದು ಘಟಕ ಅದನ್ನು ಮೀರಿತು. ಸ್ಟಾಫ್ ರೂಮಿನಲ್ಲಿ ಕೈಗಾ ಎಂದರೆ ತಟ್ಟನೆ ಬರುವ ಹೆಸರು ಪೆರಿಂಗೋಂ. ಕಣ್ಣೂರು ಜಿಲ್ಲೆಯ ಆ ಊರಿಗೆ ಬರಬೇಕಿದ್ದ ಅಣುವಿದ್ಯುತ್ ಸ್ಥಾವರವನ್ನು ಜನ ತೊಂಬತ್ತರ ದಶಕದ ಹೊತ್ತಿಗೆ ನಿಲ್ಲಿಸಿದರು. ಭಾವ 962 ಅನ್ನುತ್ತಾನೆ, ಮಾಷ್ ಚೆರ್ನೋಬಿಲ್ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ತಾಗುವುದೇ ಇಲ್ಲ.

ನಾನು ಭಾವನಿಗೆ ಹೇಳಿದೆ: ಕೈಗಾದ್ದು ಭಾರಜಲದ ರಿಯಾಕ್ಟರ್. ಓಡುತ್ತಿರುವಾಗಲೇ ಹಳೆ ಇಂಧನ ತೆಗೆದು ಹೊಸದು ಹಾಕಬಹುದು. ಇಂಧನಕ್ಕೆಂದು ನಿಲ್ಲಿಸಲೇಬೇಕಾದ ಬೇರೆ ಬಗೆಯ ರಿಯಾಕ್ಟರ್‌ಗಳಿಗೆ ಈ ಅನುಕೂಲ ಇಲ್ಲ. ಹಾಗಾಗಿ 962 ದಿನ ಎನ್ನುವುದು ಆ ವಿನ್ಯಾಸಕ್ಕೂ ನಡೆಸಿದ ಇಂಜಿನಿಯರ್‌ಗಳ ಶಿಸ್ತಿಗೂ ಒಳ್ಳೆಯ ಪುರಾವೆ. ಬಳಸಿದ ಇಂಧನವನ್ನು ಎಲ್ಲಿ ಇಡುವುದು ಎನ್ನುವ ಪ್ರಶ್ನೆಗೆ ಅದು ಉತ್ತರವೇ ಅಲ್ಲ. ಮಾಷ್‌ಗೂ ಅದನ್ನೇ ಹೇಳಿದೆ. ಚೆರ್ನೋಬಿಲ್‌ನಲ್ಲಿ ಇದ್ದದ್ದು ಗ್ರಾಫೈಟ್ ತುಂಬಿದ ಬೇರೆಯೇ ವಿನ್ಯಾಸ. ಅದರ ಮೇಲೆ ಪಾಶ್ಚಾತ್ಯ ದೇಶಗಳಲ್ಲಿ ಇರುವಂಥ ಗಟ್ಟಿ ಹೊರಗೋಡೆಯೂ ಇರಲಿಲ್ಲ. ಆ ಅಪಘಾತವನ್ನು ಕೈಗಾಕ್ಕೆ ಹಾಗೇ ಅಂಟಿಸಲು ಬರುವುದಿಲ್ಲ. ಇಬ್ಬರಿಗೂ ನನ್ನ ಮೇಲೆ ಸ್ವಲ್ಪ ಸಿಟ್ಟು ಬಂತು.

ಭಾವ ವಾದ ಮಾಡುವ ರೀತಿ ಎಲ್ಲಿಂದ ಬಂತೆಂದು ನನಗೆ ಗೊತ್ತು. ನಾವಿಬ್ಬರೂ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿ ಬೆಳೆದವರು. ಮಾತಿಗೆ ಮಾತು ಕೊಟ್ಟು, ಎದುರಿನವನ ಬಾಯಿ ಕಟ್ಟಿಸುವುದನ್ನು ನೋಡಿ ಚಪ್ಪಾಳೆ ತಟ್ಟಿದವರು. ಆ ರುಚಿ ವಿಜ್ಞಾನದ ವಾದಕ್ಕೂ ಬಂದುಬಿಟ್ಟಿದೆ. ಸ್ವರ ಏರಿದವನು ಗೆದ್ದ, ಉತ್ತರ ತೋಚದವನು ಸೋತ. ಆದರೆ ತಾಳಮದ್ದಳೆಯಲ್ಲಿ ಇನ್ನೊಂದು ಇದೆ, ಅದನ್ನು ನಾವು ಮರೆತಿದ್ದೇವೆ. ಇವತ್ತು ಕರ್ಣನ ಅರ್ಥ, ಅಂದರೆ ಆ ಪಾತ್ರದ ಮಾತು, ಹೇಳಿದವರು ನಾಳೆ ಕೃಷ್ಣನ ಅರ್ಥ ಹೇಳಬೇಕಾಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರಿಗೆ ಇದು ಗೊತ್ತು. ರಾಮನನ್ನು ನಂಬಿದವರೂ ಆ ಹೊತ್ತಿಗೆ ವಾಲಿಯ ಮಾತಿಗೆ ತಲೆದೂಗುತ್ತಿದ್ದರು. ಎದುರಿನವನ ಪಕ್ಷವನ್ನು ಅವನಿಗಿಂತ ಚೆನ್ನಾಗಿ ಹೇಳುವ ಅಭ್ಯಾಸ ನಮ್ಮ ಮಣ್ಣಿನಲ್ಲೇ ಇದೆ. ಅಣುವಿದ್ಯುತ್ ಬೇಕು ಅನ್ನುವವರು ಒಂದು ಸಂಜೆ ಪೆರಿಂಗೋಮಿನ ಜನರ ಅರ್ಥ ಹೇಳಿ ನೋಡಲಿ. ಬೇಡ ಅನ್ನುವವರು ಕೈಗಾದ ಇಂಜಿನಿಯರ್‌ನ ಅರ್ಥ ಹೇಳಲಿ. ಶಾಲೆಯಲ್ಲಿ ಮಕ್ಕಳಿಂದ ನಾನು ಹೀಗೇ ಮಾಡಿಸುತ್ತೇನೆ. ಮೊದಲ ಐದು ನಿಮಿಷ ಒದ್ದಾಡುತ್ತಾರೆ, ಆಮೇಲೆ ಅವರ ಮಾತು ತಾನಾಗಿ ಮೆತ್ತಗಾಗುತ್ತದೆ.

ಕೇರಳದವರ ರೀತಿಯ ಹಿಂದೆಯೂ ಒಂದು ಕಥೆ ಇದೆ. ಶಾಸ್ತ್ರ ಸಾಹಿತ್ಯ ಪರಿಷತ್ತು ಇಲ್ಲಿ 1962ರಿಂದ ಕೆಲಸ ಮಾಡುತ್ತಿದೆ. ವಿಜ್ಞಾನವನ್ನು ಮಲಯಾಳದಲ್ಲೇ ಬರೆದು, ಊರೂರಿನ ವಾಚನಾಲಯಕ್ಕೆ, ಬೀದಿಗೆ ತಂದವರು ಅವರು. ಸೈಲೆಂಟ್ ವ್ಯಾಲಿಯ ಅಣೆಕಟ್ಟಿನ ವಾದವನ್ನು ಮೇಷ್ಟ್ರುಗಳೂ ಕೂಲಿಯವರೂ ಲೆಕ್ಕ ಹಿಡಿದು ಮಾಡಿದರು. ಎಷ್ಟು ಕರೆಂಟು ಸಿಗುತ್ತದೆ, ಎಷ್ಟು ಕಾಡು ಹೋಗುತ್ತದೆ, ಆ ಕರೆಂಟು ಬೇರೆ ಎಲ್ಲಿಂದ ತರಬಹುದು. ನಮ್ಮ ಕನ್ನಡದಲ್ಲಿ ಒಳ್ಳೆಯ ವಿಜ್ಞಾನ ಬರಹಗಾರರು ಇದ್ದಾರೆ, ಆದರೆ ವಾಚನಾಲಯದ ಬೆಂಚಿನವರೆಗೆ ಆ ಮಾತು ಇಳಿದದ್ದು ಕಮ್ಮಿ. ಇದನ್ನು ಹೇಳುವಾಗ ನನಗೆ ನೋವಾಗುತ್ತದೆ. ಹಾಗಂತ ಅವರದ್ದೆಲ್ಲ ಸರಿ ಅಂತಲೂ ಅಲ್ಲ. ರಾಜಕೀಯ ಪಕ್ಷ ಒಂದು ನಿಲುವು ತೆಗೆದುಕೊಂಡಿತು ಎಂದರೆ ತೆಳಿವು ಕೇಳುವ ಬಾಯಿಗಳು ಒಂದು ಬದಿಗೆ ಮಾತ್ರ ತೆರೆಯುತ್ತವೆ. ಅದನ್ನೂ ನಾನು ದಿನಾ ನೋಡುತ್ತೇನೆ.

ನನಗೆ ದಾರಿ ತೋರಿಸಿದ್ದು ತೋಟ. ಮಳೆಗಾಲಕ್ಕೆ ಮೊದಲು ಕೊಳೆರೋಗಕ್ಕೆ ಮದ್ದು ಬಿಡುತ್ತೇವಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಮೈಸೂರು ಸಂಸ್ಥಾನದಲ್ಲಿದ್ದ ಕೋಲ್ಮನ್ 1910ರಲ್ಲಿ ಈ ರೋಗದ ಬಗ್ಗೆ ಬರೆದಾಗ ನಮ್ಮ ಕೊಳೆರೋಗ ಎಂಬ ಹೆಸರನ್ನೇ ಇಟ್ಟುಕೊಂಡರು. ಮದ್ದು ಸರಿಯಾಗಿದೆಯಾ ಎಂಬ ವಿಷಯದಲ್ಲಿ ಮದ್ದು ಬಿಡುವವರಿಗೂ ತೋಟದವರಿಗೂ ಪ್ರತಿ ವರ್ಷ ಚರ್ಚೆ. ಸುಣ್ಣ ಹಳತು, ಅರಳಿಲ್ಲ, ಕಮ್ಮಿಯಾಯಿತು. ಆಗ ಯಾರೂ ಸ್ವರ ಏರಿಸುವುದಿಲ್ಲ. ತಿಕ್ಕಿ ತೊಳೆದ ಕತ್ತಿಯನ್ನು ಮದ್ದಿನಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಕಬ್ಬಿಣದ ಮೇಲೆ ಕೆಂಪು ಹತ್ತಿದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಬೇಕು. ಹತ್ತದಿದ್ದರೆ ಸರಿ, ಮರ ಹತ್ತಬಹುದು. ನಮ್ಮ ಅಪ್ಪ ಆ ಕತ್ತಿಯನ್ನು ಎಲ್ಲರಿಗೂ ತೋರಿಸುತ್ತಿದ್ದರು, ತನ್ನ ಮಾತು ತಪ್ಪಾದಾಗಲೂ.

ಅಂದಿನಿಂದ ಯಾವ ವಾದಕ್ಕೆ ಕೂತರೂ ನಾನು ಮೊದಲು ಕೇಳುವುದು ಇದನ್ನು. ಇದರಲ್ಲಿ ಕತ್ತಿ ಯಾವುದು? ಏನು ಕಂಡರೆ ನಾನು ತಪ್ಪು ಅಂತ ಒಪ್ಪಬೇಕು, ಏನು ಕಂಡರೆ ನೀನು ಒಪ್ಪಬೇಕು?

ನಮ್ಮ ಜಿಲ್ಲೆಯ ಪೈವಳಿಕೆಯ ಸೋಲಾರ್ ಪಾರ್ಕ್ 50 ಮೆಗಾವಾಟಿನದ್ದು. ಕೈಗಾದ ಒಂದು ಘಟಕ 220 ಮೆಗಾವಾಟ್. ಹಾಗಾದರೆ ಪೈವಳಿಕೆಯಂಥ ನಾಲ್ಕೈದು ಪಾರ್ಕ್ ಮಾಡಿದರೆ ಕೈಗಾ ಬೇಡ ಅಲ್ವಾ, ಎಂದು ಕೇಳುತ್ತಾರೆ. ತೋಟದವರಿಗೆ ನಾನು ಪಂಪಿನ ಲೆಕ್ಕ ಹೇಳುತ್ತೇನೆ. ಐದು ಎಚ್‌ಪಿ ಪಂಪು ಇದೆ ಎಂದ ಮಾತ್ರಕ್ಕೆ ತೋಟಕ್ಕೆ ಎಷ್ಟು ನೀರು ಹೋಯಿತೆಂದು ಹೇಳಲಾಗುವುದಿಲ್ಲ. ಎಷ್ಟು ಹೊತ್ತು ಓಡಿತು? ರಾತ್ರಿ, ಮೋಡ, ಸಂಜೆ ಬಿಸಿಲು ಎಲ್ಲ ಸೇರಿಸಿ ವರ್ಷದ ಸರಾಸರಿ ತೆಗೆದರೆ ಸೋಲಾರ್ ಕೊಡುವುದು ಅದರ ಮೇಲೆ ಬರೆದ ಸಂಖ್ಯೆಯ ಸುಮಾರು ಐದರಲ್ಲಿ ಒಂದು ಪಾಲು. 50 ಎಂದರೆ ಹತ್ತರಷ್ಟು. ಅಣು ಘಟಕ ಚೆನ್ನಾಗಿ ಓಡಿದರೆ 220ರಲ್ಲಿ ಹೆಚ್ಚಿನ ಪಾಲು ಕೊಡುತ್ತದೆ. ಇದು ಸೋಲಾರ್‌ಗೆ ಬೈಗುಳ ಅಲ್ಲ. ಸೋಲಾರ್ ಬೇಗ ಕಟ್ಟಬಹುದು, ಅಗ್ಗವೂ ಆಗಿದೆ. ನಮ್ಮ ಕಷ್ಟ ಇರುವುದು ಸಂಜೆಯಲ್ಲಿ. 2024ರ ಬೇಸಿಗೆಯಲ್ಲಿ ಕೇರಳದ ಬೇಡಿಕೆ 5,700 ಮೆಗಾವಾಟ್ ದಾಟಿದ್ದು ರಾತ್ರಿ ಹೊತ್ತು, ಎಲ್ಲರ ಮನೆಯ ಫ್ಯಾನು ಎಸಿ ಓಡುವಾಗ. ಆಗ ಸೂರ್ಯ ಇಲ್ಲ. ಅದಕ್ಕೇ ನಮ್ಮ ಜಿಲ್ಲೆಯ ಮೈಲಾಟ್ಟಿಯಲ್ಲಿ ದೊಡ್ಡ ಬ್ಯಾಟರಿ ಘಟಕದ ಯೋಜನೆ ಬಂತು. 125 ಮೆಗಾವಾಟ್, 500 ಮೆಗಾವಾಟ್-ಅವರ್. ಭಾಗಿಸಿದರೆ ನಾಲ್ಕು ಗಂಟೆ. ಮಕ್ಕಳ ಹತ್ತಿರ ಈ ಭಾಗಾಕಾರ ಮಾಡಿಸಿದ ದಿನ ಒಬ್ಬಳು ಕೇಳಿದಳು, 'ಹಾಗಾದರೆ ಮಳೆಗಾಲದಲ್ಲಿ ಅದನ್ನು ತುಂಬಿಸುವುದು ಯಾವುದರಿಂದ ಸರ್?' ಇಡೀ ವರ್ಷ ನಾನು ಕೇಳಿದ ಅತ್ಯಂತ ಒಳ್ಳೆಯ ಪ್ರಶ್ನೆ ಅದು.

ಮಳೆಯ ವಾದ ಪತ್ತನಾಜೆಯಿಂದ, ಅಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನದಿಂದ, ಶುರುವಾಗುತ್ತದೆ. ಪತ್ತನಾಜೆಗೆ ಹತ್ತು ಹನಿ ಬೀಳಬೇಕು ಎನ್ನುವುದು ಹಿರಿಯರ ಮಾತು. 2025ರಲ್ಲಿ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು, ಹೆಚ್ಚುಕಡಿಮೆ ಪತ್ತನಾಜೆಗೇ. 'ನೋಡು, ಎಲ್ಲಿದೆ ನಿನ್ನ ಹವಾಮಾನ ಬದಲಾವಣೆ' ಅಂದ ಭಾವ. 2023ರಲ್ಲಿ ಅದು ಬಂದದ್ದು ಜೂನ್ 8ಕ್ಕೆ. ಆಗ ಸ್ಟಾಫ್ ರೂಮಿನಲ್ಲಿ ಎಲ್ಲರೂ 'ಇದೇ ಕ್ಲೈಮೇಟ್ ಚೇಂಜ್' ಅಂದಿದ್ದರು. ಒಂದು ವರ್ಷದ ಮಳೆ ಯಾರ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ. ಅಪ್ಪ ಮಳೆ ಅಳೆದು ಬರೆದಿಟ್ಟ ಪುಸ್ತಕ ನನ್ನ ಹತ್ತಿರ ಇದೆ. ಅದರಲ್ಲೂ ಒಂದೊಂದು ವರ್ಷ ಒಂದೊಂದು ರೀತಿ.

ಇಲ್ಲಿ ಕತ್ತಿ ಬೇರೆ ಕಡೆ ಇದೆ. ಭೂಮಿ ಬಿಸಿಯಾಗುತ್ತಿರುವುದು ಸೂರ್ಯನಿಂದ ಎಂದಾದರೆ ಗಾಳಿಯ ಕೆಳಪದರವೂ ಮೇಲ್ಪದರವೂ ಎರಡೂ ಬಿಸಿಯಾಗಬೇಕು. ನಾವು ಸುಡುವ ಇಂಧನದ ಇಂಗಾಲದಿಂದ ಎಂದಾದರೆ ಕೆಳಗೆ ಬಿಸಿ, ಮೇಲೆ ಸ್ಟ್ರಾಟೋಸ್ಫಿಯರ್‌ನಲ್ಲಿ ತಂಪು ಆಗಬೇಕು. ಮನಾಬೆ ಎಂಬ ವಿಜ್ಞಾನಿ ಜೊತೆಗಾರನೊಂದಿಗೆ 1967ರಲ್ಲೇ ಈ ಲೆಕ್ಕ ಮಾಡಿಟ್ಟಿದ್ದರು. ಉಪಗ್ರಹಗಳು ಅಳೆಯಲು ಶುರು ಮಾಡಿದ್ದು ಆಮೇಲೆ. ಕಂಡದ್ದು ಕೆಳಗೆ ಬಿಸಿ, ಮೇಲೆ ತಂಪು. ಮನಾಬೆಗೆ 2021ರಲ್ಲಿ ನೊಬೆಲ್ ಬಂತು. ಕತ್ತಿಗೆ ಕೆಂಪು ಹತ್ತುತ್ತದೆಂದು ಮೊದಲೇ ಹೇಳಿ, ಆಮೇಲೆ ಅದ್ದಿ ತೋರಿಸಿದ ಹಾಗೆ ಇದು. ಭಾವ ಇದನ್ನು ಕೇಳಿ ಬಹಳ ಹೊತ್ತು ಮಾತಾಡಲಿಲ್ಲ. 'ಇದನ್ನು ಯಾಕೆ ಯಾರೂ ಹೇಳುವುದಿಲ್ಲ?' ಅಂದ.

ಯುದ್ಧದ ಸಾಮಾನುಗಳ ವಿಷಯಕ್ಕೆ ಬಂದರೆ ನಾನು ಸುಮ್ನೆ ಇರುವುದೇ ಜಾಸ್ತಿ. ಅಲ್ಲಿ ನಮ್ಮ ಕೈಗೆ ಕತ್ತಿಯೇ ಸಿಗುವುದಿಲ್ಲ. ಬ್ರಹ್ಮೋಸ್ ಕ್ಷಿಪಣಿಯ ದೂರ 290 ಕಿ.ಮೀ. ಎಂದು ಎಷ್ಟೋ ವರ್ಷ ನಾವೆಲ್ಲ ಬಾಯಿಪಾಠ ಮಾಡಿದೆವು. ಆ 290 ಬಂದದ್ದು ಒಂದು ಕರಾರಿನಿಂದ. 300 ಕಿ.ಮೀ. ಮೀರಿದ ಕ್ಷಿಪಣಿಯ ತಂತ್ರಜ್ಞಾನವನ್ನು ಹೊರಗಿನ ದೇಶಕ್ಕೆ ಕೊಡುವುದಕ್ಕೆ ಎಂಟಿಸಿಆರ್ ಎಂಬ, ಕ್ಷಿಪಣಿ ತಂತ್ರಜ್ಞಾನ ಹರಡದಂತೆ ಕೆಲವು ದೇಶಗಳು ಮಾಡಿಕೊಂಡ ಒಪ್ಪಂದದಲ್ಲಿ ತಡೆ ಇದೆ. ರಷ್ಯಾ ಅದರ ಒಳಗಿತ್ತು, ನಾವು ಹೊರಗಿದ್ದೆವು. 2016ರ ಜೂನ್‌ನಲ್ಲಿ ಭಾರತ ಅದಕ್ಕೆ ಸೇರಿತು, 2017ರಲ್ಲಿ 400 ಕಿ.ಮೀ. ದಾಟುವ ಬ್ರಹ್ಮೋಸ್‌ನ ಪರೀಕ್ಷೆ ಆಯಿತು. ನಾವು ಅಳತೆ ಎಂದುಕೊಂಡದ್ದು ಕಾನೂನಿನ ಗೆರೆಯಾಗಿತ್ತು. ಸೇನೆಯವರು ಹೇಳುವ ಎಷ್ಟು ಸಂಖ್ಯೆಗಳು ಹೀಗೆ? ಯುದ್ಧದ ಹೊತ್ತಿನಲ್ಲಿ ಎರಡೂ ದೇಶದವರು ಹೇಳುವ ಲೆಕ್ಕ ಹಿಡಿದು ಅಣ್ಣತಮ್ಮಂದಿರು ಮಾತು ಬಿಡುವುದನ್ನು ನೋಡಿದ್ದೇನೆ. ಸಂಕಟವಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಹೇಳದಿದ್ದರೆ ನಾನು ಕಾಸರಗೋಡಿನವನು ಅನ್ನಿಸಿಕೊಳ್ಳಲಾರೆ. ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಎಣ್ಮಕಜೆಯ ಪಡ್ರೆ, ಸ್ವರ್ಗ ಎಂಬ ಊರುಗಳ ಕಡೆ ಜನ ಕಾಯಿಲೆಗಳನ್ನು ಕಂಡು ಹೇಳಿದಾಗ ಅವರಿಗೆ ಸಿಕ್ಕಿದ ಉತ್ತರವೂ 'ತೆಳಿವ್ ಎವಿಡೆ' ಎನ್ನುವುದೇ. ಮದ್ದು ಸುರಿಯುವವರು ಏನೂ ತೋರಿಸಬೇಕಾಗಿರಲಿಲ್ಲ. ಮಡಿಲಲ್ಲಿ ಮಗುವನ್ನು ಇಟ್ಟುಕೊಂಡ ತಾಯಿ ಪುರಾವೆ ತರಬೇಕಿತ್ತು. ಊರಿನ ವೈದ್ಯರು, ಪತ್ರಕರ್ತರು, ಕಾರ್ಯಕರ್ತರು ಮನೆ ಮನೆ ಸುತ್ತಿ ಎಣಿಸಿ ಬರೆದರು. ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ನಿಲ್ಲಿಸಿದ್ದು 2011ರ ಮೇ ತಿಂಗಳಲ್ಲಿ. ಪುರಾವೆ ಕೇಳುವುದು ಸರಿ. ಅದನ್ನು ಕೂಡಿಸುವ ಭಾರ ಯಾರ ತಲೆ ಮೇಲೆ ಬಿತ್ತು ಎಂದು ನೋಡದೆ ಕೇಳುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ನೆರೆಯ ಅಣ್ಣನ ವಿಷಯದಲ್ಲಿ ನಾನೇ ಹಾಗೆ ಮಾಡಿದೆ. ಅವರ ತೋಟದ ಮೇಲೆ ಒಂದು ಹೈಟೆನ್ಶನ್ ಲೈನು ಹೋಗುತ್ತದೆ ಎಂದು ಗುರುತು ಹಾಕಿ ಹೋಗಿದ್ದರು. 'ಲೈನಿನ ರೇಡಿಯೇಶನ್‌ಗೆ ಅಡಿಯ ಕಂಗೆಲ್ಲ ಒಣಗುತ್ತದಂತೆ, ಹೌದಾ ಮಾಷ್ಟ್ರೇ?' ಅಂತ ಕೇಳಿದರು. ನಾನು ಕಾಗದ ತೆಗೆದು ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರ, ಅಂತರರಾಷ್ಟ್ರೀಯ ಮಿತಿ ಎಲ್ಲ ವಿವರಿಸಿದೆ. ಹಾಗೆ ಒಣಗುವುದಿಲ್ಲ ಎಂದು ಹೇಳಿದೆ. ಹೇಳಿದ್ದು ಸರಿಯೇ. ಅವರು ಪೂರ್ತಿ ಕೇಳಿದರು. ಆಮೇಲೆ, 'ಆ ಸಾಲು ಅಪ್ಪ ನೆಟ್ಟದ್ದು' ಅಂದರು.

ಲೈನು ಬಂದರೆ ಅಡಿಯಲ್ಲಿ ಎತ್ತರದ ಮರ ಇರಬಾರದು. ಕಂಗು ಕಡಿಯಲೇಬೇಕು. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಸಭೆಯಲ್ಲಿ ಅಪ್ಪ ನೆಟ್ಟ ಮರ ಅಂದರೆ ಯಾರೂ ಬರೆದುಕೊಳ್ಳುವುದಿಲ್ಲ, ರೇಡಿಯೇಶನ್ ಅಂದರೆ ಬರೆದುಕೊಳ್ಳುತ್ತಾರೆ. ಅದಕ್ಕೇ ಆ ಪದ ಹಿಡಿದುಕೊಂಡಿದ್ದರು. ಕೇರಳಕ್ಕೆ ಹೊರಗಿನ ಕರೆಂಟು ಬೇಕು, ಲೈನು ಎಲ್ಲಾದರೂ ಹೋಗಲೇಬೇಕು ಎನ್ನುವುದನ್ನೂ ಅವರು ಒಪ್ಪುತ್ತಾರೆ. ಕಂಗು ನೆಟ್ಟರೆ ಫಸಲಿಗೆ ಐದಾರು ವರ್ಷ, ಆಮೇಲೆ ದಶಕಗಳ ಕಾಲ ಅನ್ನ. ಆ ಅನ್ನಕ್ಕೆ ಏನು ಬೆಲೆ ಎಂಬುದು ಅವರ ಪ್ರಶ್ನೆ. ಅದಕ್ಕೆ ನನ್ನ ಭೌತಶಾಸ್ತ್ರದಲ್ಲಿ ಉತ್ತರ ಇರಲಿಲ್ಲ.

ಕಳೆದ ತಿಂಗಳು ಅವರ ಅರ್ಜಿ ಬರೆಯಲು ಇಬ್ಬರೂ ಕೂತೆವು. ರೇಡಿಯೇಶನ್‌ನ ವಾಕ್ಯ ಬಿಟ್ಟೆವು. ತೋಟಕ್ಕೆ ಇಳಿದು ಸಾಲು ಸಾಲಾಗಿ ಮರ ಎಣಿಸಿದೆವು. ಯಾವುದು ಎಷ್ಟು ವರ್ಷದ್ದು, ಯಾವುದರಲ್ಲಿ ಈ ಸಲ ಎಷ್ಟು ಸಿಂಗಾರ, ಕಳೆದ ವರ್ಷ ಎಷ್ಟು ಅಡಿಕೆ. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಅಪ್ಪ ನೆಟ್ಟ ಸಾಲಿಗೆ ಬಂದಾಗ, ಅದನ್ನೂ ಹಾಗೇ ಬರೆಯಿರಿ ಅಂದರು. ಬರೆದೆ.