ಉದ್ಯಮ ಶುರು ಮಾಡಲು 30 ದಾಟಿದರೆ ತಡವೇ?

"ಗೆದ್ದವರೆಲ್ಲ ಕಾಲೇಜು ಬಿಟ್ಟ ಹುಡುಗರು. 30 ದಾಟಿದವರ ಹೊಸ ಉದ್ಯಮಕ್ಕೆ ಯಾರೂ ಹಣ ಹಾಕುವುದಿಲ್ಲ." ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ನಿಜವಲ್ಲ.

ಅಮೆರಿಕದಲ್ಲಿ 2007ರಿಂದ 2014ರವರೆಗೆ ಕಂಪನಿ ಕಟ್ಟಿದ ಸುಮಾರು 27 ಲಕ್ಷ ಜನರ ದಾಖಲೆಗಳನ್ನು ಅರ್ಥಶಾಸ್ತ್ರಜ್ಞರು ನೋಡಿದರು. ಶುರು ಮಾಡಿದಾಗ ಅವರ ಸರಾಸರಿ ವಯಸ್ಸು ಸುಮಾರು 42. ಅತಿ ವೇಗವಾಗಿ ಬೆಳೆದ, ಸಾವಿರಕ್ಕೊಂದು ಕಂಪನಿಯನ್ನು ಮಾತ್ರ ಲೆಕ್ಕ ಹಾಕಿದರೆ ಅದು 45! ಅದೇ ಕ್ಷೇತ್ರದಲ್ಲಿ ಮೊದಲೇ ಕೆಲಸ ಮಾಡಿದ್ದವರು ಗೆಲ್ಲುವ ಸಾಧ್ಯತೆಯೂ ಜಾಸ್ತಿ ಇತ್ತು. ಇದು ಸಹಜವೇ ಅಲ್ವಾ? ಗಿರಾಕಿಗೆ ಏನು ಬೇಕು, ಖರ್ಚು ಎಲ್ಲಿ ಸೋರುತ್ತದೆ ಎಂಬುದು ಕೆಲಸ ಮಾಡುತ್ತಾ ತಿಳಿಯುತ್ತದೆ. ಕೈಯಲ್ಲಿ ಒಂದಿಷ್ಟು ಉಳಿತಾಯವೂ ಇರುತ್ತದೆ. ಎಷ್ಟೋ ಉದ್ಯಮಗಳ ಮೊದಲ ಬಂಡವಾಳ ಹೂಡಿಕೆದಾರರದ್ದಲ್ಲ, ಆ ಉಳಿತಾಯವೇ.

ಹಾಗಾದರೆ ಬಿಲ್ ಗೇಟ್ಸ್, ಮಾರ್ಕ್ ಜುಕರ್‌ಬರ್ಗ್? ಇಬ್ಬರೂ 19ರಲ್ಲೇ ಶುರು ಮಾಡಿದ್ದು ನಿಜ. ಆದರೆ ಜುಕರ್‌ಬರ್ಗ್ ಓದು ಬಿಟ್ಟಿದ್ದು ಫೇಸ್‌ಬುಕ್ ಹಲವು ಕಾಲೇಜುಗಳಿಗೆ ಹಬ್ಬಿದ ಮೇಲೆ. ಸುಮ್ನೆ ಧೈರ್ಯ ಮಾಡಿ ಬಿಟ್ಟದ್ದಲ್ಲ. ಓದು ಬಿಟ್ಟು ಸೋತವರ ಕಥೆ ನಮಗೆ ತಲುಪುವುದೇ ಇಲ್ಲ, ಹಾಗಾಗಿ ಗೆದ್ದ ನಾಲ್ಕು ಹೆಸರೇ ನಿಯಮದಂತೆ ಕಾಣುತ್ತದೆ.

ಮಾರಿಸ್ ಚಾಂಗ್ ಹೆಸರು ಇಂಥ ಸಂದೇಶಗಳಲ್ಲಿ ಬರುವುದಿಲ್ಲ. ಕಂಪ್ಯೂಟರ್ ಚಿಪ್ ಉದ್ಯಮದಲ್ಲಿ ದಶಕಗಳ ಕಾಲ ದುಡಿದು, 1987ರಲ್ಲಿ ತೈವಾನಿನಲ್ಲಿ ಅವರು ಟಿಎಸ್‌ಎಂಸಿ ಎಂಬ ಚಿಪ್ ತಯಾರಿಸುವ ಕಂಪನಿ ಕಟ್ಟಿದಾಗ ಅವರಿಗೆ 55 ವರ್ಷ.