ಬಂದರಿನಲ್ಲಿ ಊಟ ಮಾಡಿದರೆ ದೋಣಿಯೂ ಕಾಣಬೇಕು

ನ್ಯೂಜಿಲೆಂಡಿನ ಆಕ್ಲೆಂಡಿಗೆ ಊರಿನಿಂದ ನೆಂಟರು ಬಂದರೆ ಸಂಜೆ ವಯಾಡಕ್ಟ್ ಹಾರ್ಬರ್‌ಗೆ ಕರೆದುಕೊಂಡು ಹೋಗುತ್ತೇವೆ. ಸಾಲಾಗಿ ನಿಂತ ಯಾಟ್‌ಗಳು, ಗಾಜಿನ ಗೋಡೆಯ ರೆಸ್ಟೋರೆಂಟುಗಳು, ನೀರಿನ ಮೇಲೆ ದೀಪದ ಬೆಳಕು. ಫೋಟೋ ತೆಗೆಯಲು ಒಳ್ಳೆಯ ಜಾಗ. ಆದರೆ ಊಟಕ್ಕೆ ಅಲ್ಲೇ ಕೂರಬೇಡಿ ಅನ್ನುವುದು ನನ್ನ ಮಾತು. ಪಕ್ಕದಲ್ಲೇ ನಡೆದುಹೋಗುವವರಿಗೆ ಮಾತ್ರ ಇರುವ ಒಂದು ಸೇತುವೆ ಇದೆ. ದೋಣಿ ಬಂದಾಗ ಮೇಲಕ್ಕೆ ಎದ್ದು ದಾರಿ ಬಿಡುತ್ತದೆ. ಅದನ್ನು ದಾಟಿ ವಿನ್ಯಾರ್ಡ್ ಕ್ವಾರ್ಟರ್‌ಗೆ ಹೋಗಿ.

ಎರಡೂ ಒಂದೇ ನೀರಿನ ದಡ. ಆದರೂ ಬೆಳೆದ ರೀತಿ ಬೇರೆ. ವಯಾಡಕ್ಟ್ ಒಂದು ಕಾಲಕ್ಕೆ ಮೀನುಗಾರರ ದೋಣಿ ನಿಲ್ಲುತ್ತಿದ್ದ ಜಾಗ. 1995ರಲ್ಲಿ ನ್ಯೂಜಿಲೆಂಡ್ ತಂಡ ಅಮೆರಿಕಾಸ್ ಕಪ್ ಅನ್ನುವ ಹಾಯಿದೋಣಿ ಪಂದ್ಯ ಗೆದ್ದಿತು. ಮುಂದಿನ ಪಂದ್ಯ 2000ದಲ್ಲಿ ಆಕ್ಲೆಂಡಿನಲ್ಲೇ ಮುಗಿಯಿತು. ಅದಕ್ಕಾಗಿ ಇಡೀ ದಡವನ್ನು ಹೊಸದಾಗಿ ಕಟ್ಟಿದರು. ಹೋಟೆಲು, ಬಾರು, ಅಪಾರ್ಟ್‌ಮೆಂಟು ಎಲ್ಲ ಬಂದವು. ಮೀನಿನ ಕೆಲಸ ಮಾತ್ರ ಅಲ್ಲಿ ಉಳಿಯಲಿಲ್ಲ.

ವಿನ್ಯಾರ್ಡ್ ಕ್ವಾರ್ಟರ್ ಹಾಗಲ್ಲ. ಅದು ಎಣ್ಣೆ ಟ್ಯಾಂಕು, ಸಿಮೆಂಟ್ ತುಂಬಿಡುವ ಎತ್ತರದ ಸೈಲೋಗಳ ಜಾಗವಾಗಿತ್ತು. 2011ರ ರಗ್ಬಿ ವಿಶ್ವಕಪ್ಪಿನ ಹೊತ್ತಿಗೆ ಅದರ ಒಂದು ಭಾಗವನ್ನು ಜನರಿಗೆ ತೆರೆದರು. ಆಗ ಹಳೆಯದನ್ನು ಪೂರ್ತಿ ಕೆಡವಲಿಲ್ಲ. ಸೈಲೋಗಳು ಈಗಲೂ ನಿಂತಿವೆ. ನಾರ್ತ್ ವಾರ್ಫ್‌ನ ಹೋಟೆಲುಗಳ ಎದುರಿಗೆ ಮೀನು ಹಿಡಿಯುವ ದೋಣಿಗಳು ಕಟ್ಟಿರುತ್ತವೆ. ಬಲೆ, ಹಗ್ಗ, ಡೀಸೆಲ್ ವಾಸನೆ, ಎಲ್ಲ ಇದೆ. ನಾನು ಮಂಗಳೂರಿನವನು. ಮೀನಿನ ದೋಣಿ ಬಂದು ನಿಲ್ಲುವ ದಕ್ಕೆಯ ವಾಸನೆಯಲ್ಲಿ ಬೆಳೆದವನಿಗೆ ಮೀನು ತಿನ್ನುವಾಗ ದೋಣಿ ಕಣ್ಣಿಗೆ ಬಿದ್ದರೆ ಖುಷಿ ಅಲ್ವಾ?

ಹತ್ತಿರದಲ್ಲೇ ಆಕ್ಲೆಂಡ್ ಫಿಶ್ ಮಾರ್ಕೆಟ್. ಒಳಗೆ ಮಂಜುಗಡ್ಡೆಯ ಮೇಲೆ ಹಸಿ ಮೀನು, ಸುತ್ತ ಸಣ್ಣ ಸಣ್ಣ ಅಡುಗೆ ಅಂಗಡಿಗಳು. ನಾಲ್ಕು ಜನ ನಾಲ್ಕು ಕಡೆಯಿಂದ ಬೇಕಾದ್ದು ತಂದು ಒಂದೇ ಮೇಜಿನಲ್ಲಿ ಕೂತು ತಿನ್ನಬಹುದು. ಮನೆಮಂದಿ, ಮಕ್ಕಳು ಜೊತೆಗಿದ್ದರೆ ಇದಕ್ಕಿಂತ ಒಳ್ಳೆಯ ಜಾಗ ಈ ದಡದಲ್ಲಿ ಇನ್ನೊಂದಿಲ್ಲ. ವಯಾಡಕ್ಟ್‌ನಲ್ಲಿ ಒಂದು ತಟ್ಟೆ ಮೀನಿಗೆ 40 ಡಾಲರ್ ದಾಟುವುದು ಸಾಮಾನ್ಯ. ಅಂದರೆ ಹತ್ತಿರ ಹತ್ತಿರ ಎರಡು ಸಾವಿರ ರೂಪಾಯಿ. ಅದರ ಜಾಸ್ತಿ ಪಾಲು ಹೋಗುವುದು ಕಿಟಕಿಯ ನೋಟಕ್ಕೆ.

ಏನು ತಿನ್ನಬೇಕು? ಕರಾವಳಿಯವರಾದರೆ ಮೊದಲು ಪಚ್ಚಿಲೆ, ಅಂದರೆ ಚಿಪ್ಪಿನೊಳಗಿನ ಮಸೆಲ್. ಉತ್ತರ ಕನ್ನಡದವರು ನೀಲಿಕಲ್ಲು ಅನ್ನುತ್ತಾರಲ್ಲ, ಅದರ ಹತ್ತಿರದ ಸಂಬಂಧಿ. ಚಿಪ್ಪಿನ ಅಂಚು ಹಸಿರು, ಗಾತ್ರ ನಮ್ಮದಕ್ಕಿಂತ ದೊಡ್ಡದು. ಬೆಳ್ಳುಳ್ಳಿ, ವೈನ್ ಹಾಕಿ ಹಬೆಯಲ್ಲಿ ಬೇಯಿಸಿ ಕೊಡುತ್ತಾರೆ. ಕೆಲವು ಕಡೆ ತೆಂಗಿನ ಹಾಲಿನಲ್ಲೂ ಸಿಗುತ್ತದೆ, ಅದನ್ನೇ ಕೇಳಿ. ಮಾರ್ಚಿನಿಂದ ಆಗಸ್ಟ್ ಒಳಗೆ ಬಂದರೆ ದಕ್ಷಿಣದ ಬ್ಲಫ್ ಊರಿನ ಆಯ್‌ಸ್ಟರ್ ಇರುತ್ತದೆ. ಹಸಿಯಾಗಿ, ನಿಂಬೆ ಹಿಂಡಿ ತಿನ್ನುವುದು. ಸ್ನ್ಯಾಪರ್ ಮೀನನ್ನು ಎಲ್ಲರೂ ಹೊಗಳುತ್ತಾರೆ. ಒಳ್ಳೆಯ ಮೀನೇ, ಆದರೆ ಬಂಗುಡೆ ತಿಂದ ನಾಲಿಗೆಗೆ ಸಪ್ಪೆ. ನಮಗೆ ಹೊಂದುವುದು ಕಹವಾಯ್. ಎಣ್ಣೆಯಂಶದ, ಗಟ್ಟಿ ರುಚಿಯ ಮೀನು, ಬೆಲೆಯೂ ಕಮ್ಮಿ. ಹೊಗೆ ಹಾಕಿದ ಕಹವಾಯ್ ಹೋಟೆಲಿನಲ್ಲಿ ತಿನ್ನಿ, ಹಸಿಯದು ಕೊಂಡು ಮನೆಗೆ ತಂದು ಪುಳಿಮುಂಚಿ ಮಾಡಿ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಆಲೂ ಚಿಪ್ಸನ್ನು ಮೀನು ಕರಿದ ಎಣ್ಣೆಯಲ್ಲೇ ಕರಿಯುವುದುಂಟು. ಕೆಲವು ಅಂಗಡಿಗಳಲ್ಲಿ ದನದ ಕೊಬ್ಬೂ ಬಳಸುತ್ತಾರೆ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಸರಿಯಾಗಿ ಹೇಳುತ್ತಾರೆ.

ಕುಡಿಯುವ ವಿಷಯದಲ್ಲಿ ಇಲ್ಲಿನ ರೀತಿ ನನಗೆ ನಿಜಕ್ಕೂ ಇಷ್ಟ. ನಮ್ಮಲ್ಲಿ ಬಾರ್ ಆಂಡ್ ರೆಸ್ಟೋರೆಂಟ್ ಅಂದರೆ ಮಂದ ಬೆಳಕು, ಮೇಲಿನ ಮಹಡಿಯಲ್ಲಿ ಬೇರೆ ಫ್ಯಾಮಿಲಿ ರೂಮು. ಹೆಂಗಸರು ಕೆಳಗೆ ಕೂತರೆ ಎಲ್ಲರ ಕಣ್ಣು ಅತ್ತಲೇ. ಇಲ್ಲಿ ಅಜ್ಜಿಯ ಕೈಯಲ್ಲಿ ಒಂದು ಲೋಟ ಸೋವಿನ್ಯೋನ್ ಬ್ಲಾಂಕ್ ವೈನ್, ಪಕ್ಕದಲ್ಲಿ ಮೊಮ್ಮಗನಿಗೆ ಹಣ್ಣಿನ ರಸ, ಎದುರಿಗೆ ಸಮುದ್ರ. ಮುಚ್ಚಿಟ್ಟು ಕುಡಿಯುವ ಅಗತ್ಯ ಇಲ್ಲದಿರುವಲ್ಲಿ ಗಲಾಟೆಯೂ ಕಡಿಮೆ ಅಂತ ನನ್ನ ನಂಬಿಕೆ. 2012ರ ಮದ್ಯ ಕಾನೂನಿನ ಪ್ರಕಾರ ಕುಡಿಯಲು ಕೊಡುವ ಜಾಗದಲ್ಲಿ ತಿನ್ನಲು ಏನಾದರೂ ಸಿಗಬೇಕು, ನೀರು ಪುಕ್ಕಟೆ ಕೊಡಬೇಕು. ಬಾಟಲಿ ನೀರು ಕೊಳ್ಳಬೇಡಿ, ನಲ್ಲಿ ನೀರು ಕೇಳಿ. ಮೆನುವಿನಲ್ಲಿ ಬರೆದ ಬೆಲೆಯಲ್ಲಿ ಶೇ 15 ಜಿಎಸ್‌ಟಿ ಸೇರಿಯೇ ಇರುತ್ತದೆ. ಟಿಪ್ಸ್ ಕೊಡುವ ರೂಢಿ ಇಲ್ಲ. ಸರಕಾರಿ ರಜೆಯ ದಿನ ಮಾತ್ರ ಹೆಚ್ಚುವರಿ ದುಡ್ಡು ಹಾಕುವ ಹೋಟೆಲುಗಳಿವೆ. ಇನ್ನೊಂದು, ರಾತ್ರಿ ಒಂಬತ್ತು, ಒಂಬತ್ತೂವರೆಗೆ ಹಲವು ಅಡುಗೆಮನೆಗಳು ಬಂದ್. ನಮ್ಮ ಹತ್ತು ಗಂಟೆಯ ಊಟದ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ದುಡ್ಡು ಖರ್ಚು ಮಾಡದವರಿಗೂ ಈ ದಡದಲ್ಲಿ ಜಾಗ ಇದೆ. ಇದನ್ನು ನಾನು ಎಲ್ಲಕ್ಕಿಂತ ದೊಡ್ಡದು ಅಂದುಕೊಂಡಿದ್ದೇನೆ. ನೀರಿಗೆ ಇಳಿಯುವ ಮೆಟ್ಟಿಲು, ಬೆಂಚು, ಮಕ್ಕಳ ಆಟದ ಜಾಗ, ಶೌಚಾಲಯ, ಎಲ್ಲ ಸಾರ್ವಜನಿಕ. ಮನೆಯಿಂದ ಚಿತ್ರಾನ್ನ ಕಟ್ಟಿಕೊಂಡು ಬಂದು ಕೂತರೂ ಯಾರೂ ಎಬ್ಬಿಸುವುದಿಲ್ಲ.

ಹಾಗಂತ ಅಡುಗೆಯಲ್ಲಿ ಆಕ್ಲೆಂಡ್ ಗೆದ್ದಿತು ಅಂತ ನಾನು ಒಪ್ಪುವುದಿಲ್ಲ. ಮಂಗಳೂರಿನ ಯಾವುದೇ ಸಣ್ಣ ಮೀನೂಟದ ಹೋಟೆಲಿಗೆ ಹೋಗಿ. ಕುಚಲಕ್ಕಿ ಅನ್ನ, ಬೂತಾಯಿ ಗಸಿ, ಕಾಣೆ ರವಾ ಫ್ರೈ. ಮೀನಿಗೆ ತಲೆ ಇರುತ್ತದೆ, ಮುಳ್ಳು ಇರುತ್ತದೆ, ಹುಳಿ ಖಾರ ಇರುತ್ತದೆ. ಇಲ್ಲಿ ಬಹುತೇಕ ಹೋಟೆಲುಗಳಲ್ಲಿ ಬರೀ ಫಿಲೆಟ್, ಅಂದರೆ ಮುಳ್ಳು ತೆಗೆದ ತುಂಡು. ಹವ್ಯಾಸಕ್ಕೆ ಮೀನು ಹಿಡಿಯುವವರೂ ಫಿಲೆಟ್ ತೆಗೆದು ತಲೆ, ಮೂಳೆ ಎಸೆಯುತ್ತಿದ್ದರು. 2016ರಲ್ಲಿ ಕೈ ಇಕಾ ಅನ್ನುವ ಕೆಲಸ ಶುರುವಾಯಿತು. ಆ ತಲೆಗಳನ್ನು ಒಟ್ಟುಮಾಡಿ ಆಕ್ಲೆಂಡಿನ ಮಾಂಗೆರೆ ಬಡಾವಣೆಯ ಒಂದು ಮರಾಯೆಯ (ಮಾವೊರಿಗಳ ಸಮುದಾಯ ಸೇರುವ ಜಾಗ) ಮೂಲಕ ಇಲ್ಲಿನ ಮೂಲನಿವಾಸಿ ಮಾವೊರಿ, ಪೆಸಿಫಿಕ್ ದ್ವೀಪಗಳ ಮನೆಗಳಿಗೆ ಹಂಚುತ್ತಾರೆ. ಮೀನಿನ ತಲೆಯ ಬೆಲೆ ಗೊತ್ತಿರುವ ಜನ ಅವರು, ನಮ್ಮ ಹಾಗೆಯೇ.

ಮಂಗಳೂರಿನಲ್ಲಿ ಕೊರತೆ ಇರುವುದು ಕೂರುವ ಜಾಗಕ್ಕೆ. ದಕ್ಕೆಯಲ್ಲಿ ಬೆಳಗ್ಗೆ ಅಷ್ಟು ಮೀನು ಇಳಿಯುತ್ತದೆ, ಹತ್ತಿರದಲ್ಲೇ ನೇತ್ರಾವತಿ, ಗುರುಪುರ ನದಿಗಳು ಸಮುದ್ರ ಸೇರುತ್ತವೆ. ಆದರೂ ನಾವು ಮೀನು ತಿನ್ನುವುದು ಪೇಟೆಯ ಒಳಗೆ, ಗೋಡೆಗೆ ಮುಖ ಮಾಡಿ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ನೇತ್ರಾವತಿ ದಡಕ್ಕೆ ನಡೆದಾಡುವ ದಾರಿ ಮಾಡಲು ಹೊರಟಿದ್ದನ್ನು ಕೇಳಿ ಸಂತೋಷಪಟ್ಟೆ. ಹಳೆ ಬಂದರಿನ ಕಡೆಗೂ ಗಮನ ಹರಿಯಬೇಕು. ಅಲ್ಲಿನ ಹಂಚಿನ ಗೋದಾಮುಗಳನ್ನು ಕೆಡವಿ ವಯಾಡಕ್ಟ್ ತರಹ ಗಾಜಿನ ಕಟ್ಟಡ ಎಬ್ಬಿಸುವುದು ಬೇಡ. ಒಂದೆರಡು ಗೋದಾಮು ತೊಳೆದು, ಮೇಜು ಹಾಕಿ, ನೀರು, ಶೌಚಾಲಯ ಮಾಡಿಕೊಟ್ಟರೆ ಸಾಕು. ದೋಣಿಗಳು ಇದ್ದಲ್ಲೇ ಇರಲಿ. ಜೂನ್, ಜುಲೈ ಟ್ರಾಲಿಂಗ್ ನಿಷೇಧದ ತಿಂಗಳುಗಳಲ್ಲಿ ಒಣಮೀನು ಚಟ್ನಿ, ಮರುವಾಯಿ ಸುಕ್ಕ ನಡೆಯುತ್ತದೆ. ಅಡುಗೆಯ ಅಂಗಡಿ ಹಾಕುತ್ತೀರಾ ಅಂತ ಮೊದಲು ಕೇಳಬೇಕಾದದ್ದು ಈಗ ಅಲ್ಲಿ ಬುಟ್ಟಿ ಇಟ್ಟುಕೊಂಡು ಮೀನು ಮಾರುವ ಹೆಂಗಸರನ್ನು. ಬಾಡಿಗೆಯೂ ಅವರ ಕೈಗೆ ಎಟುಕುವಷ್ಟೇ ಇರಬೇಕು.