ಆ ಡಬ್ಬದ ಲೇಬಲ್ ತೋರಿಸೋಕೆ ನಿಮಗೇನ್ರೀ ಕಷ್ಟ?

ಮಂಡ್ಯದಲ್ಲಿ ಈಗ ಯಾವ ಬೀದಿಗೆ ಹೋದ್ರೂ ಒಂದು ಸಲೂನು, ಬಾಗಿಲಿಗೆ ಕೂದಲು ನೇರ, ನಯ ಮಾಡೋ ಕೆರಟಿನ್, ಸ್ಮೂದನಿಂಗ್ ಆಫರ್ ಬೋರ್ಡು. ಮದುವೆ ಸೀಸನ್ ಬಂದ್ರಂತೂ ಕೇಳೋದೇ ಬೇಡ. ಮಾಡಿಸ್ಕೊಳ್ಳೋರ ಮೇಲೆ ನಂಗೇನೂ ಸಿಟ್ಟಿಲ್ಲ, ಕೂದಲು ಚೆನ್ನಾಗಿರ್ಲಿ ಅಂತ ಯಾರಿಗೆ ಆಸೆ ಇರಲ್ಲ? ಸಿಟ್ಟಿರೋದು ತಲೆಗೆ ಏನು ಬಳೀತಿದ್ದೀವಿ ಅಂತ ಬಾಯಿ ಬಿಡದ ಈ ಸಲೂನಿನವರ ಮೇಲೆ.

ಮೊನ್ನೆ ತಂಗಿ ಜೊತೆ ಹೋಗಿದ್ದೆ. 4,500 ರೂಪಾಯಿ. ಲೇಬಲ್ಲೇ ಇಲ್ಲದ ಬಾಟಲಿಯಿಂದ ಬಟ್ಟಲಿಗೆ ಬಿಳಿ ಕ್ರೀಮ್ ಸುರಿದು ಬುಡದವರೆಗೂ ಬಳಿದ್ರು. ಒಣಗಿಸಿ ಐರನ್ ಎಳೆಯೋಕೆ ಶುರು ಮಾಡಿದ್ದೇ ತಡ, ಬುಸಬುಸ ಅಂತ ಹೊಗೆ. ತಂಗಿ ಕಣ್ಣಲ್ಲಿ ದಳದಳ ನೀರು. ದೂರ ಕೂತಿದ್ದ ನಂಗೇ ಗಂಟಲು ಕಿತ್ಕೊಂಡು ಬಂತು. ಕಿಟಕಿ ತೆಗೀರಿ ಅಂದ್ರೆ ಎಸಿ ಹಾಕಿದೀವಿ ಅಂತಾರೆ! ಇದ್ರಲ್ಲೇನಿದೆ ಅಂದೆ. “ಬರೀ ಪ್ರೋಟೀನ್ ಅಕ್ಕ, ಫಾರ್ಮಲಿನ್ ಫ್ರೀ.” ಡಬ್ಬ ತೋರ್ಸಮ್ಮ ಅಂದ್ರೆ, “ಎಸೆದುಬಿಟ್ವಿ ಅಕ್ಕ.”

ಬರೀ ಪ್ರೋಟೀನ್ ಆಗಿದ್ರೆ ಡಬ್ಬ ಬಚ್ಚಿಡೋದ್ಯಾಕೆ? ಇಂಥ ಎಷ್ಟೋ ಕ್ರೀಮುಗಳಲ್ಲಿ ಮಿಥಿಲೀನ್ ಗ್ಲೈಕಾಲ್ ಅನ್ನೋ ರಾಸಾಯನಿಕ ಇರುತ್ತೆ. ಬಿಸಿ ತಾಗಿದ್ರೆ ಅದ್ರಿಂದ ಬರೋದು ಫಾರ್ಮಾಲ್ಡಿಹೈಡ್ ಅನ್ನೋ ಗ್ಯಾಸ್. ಪಿಯುಸಿ ಲ್ಯಾಬಲ್ಲಿ ಕಪ್ಪೆ, ಹಾವು ಮುಳುಗಿಸಿ ಇಟ್ಟಿರ್ತಿದ್ರಲ್ಲ, ಆ ಫಾರ್ಮಲಿನ್ ಅಂದ್ರೆ ನೀರಲ್ಲಿ ಕರಗಿಸಿದ ಇದೇ ಗ್ಯಾಸ್. ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ.

ಸರಿ, ನಿಜವಾಗ್ಲೂ ಫಾರ್ಮಲಿನ್ ಇಲ್ಲ ಅಂತಲೇ ಇಟ್ಕೊಳ್ಳಿ. ಅದರ ಬದಲಿಗೆ ಎಷ್ಟೋ ಕ್ರೀಮಲ್ಲಿ ಬಂದಿರೋದು ಗ್ಲೈಆಕ್ಸಿಲಿಕ್ ಆಸಿಡ್. ಅದು ನೆತ್ತಿ ಚರ್ಮದಿಂದ ಒಳಗಿಳಿದು, ಆಕ್ಸಲೇಟ್ ಹರಳಾಗಿ ಕಿಡ್ನಿಯಲ್ಲಿ ಕೂರುತ್ತೆ ಅನ್ನೋದಕ್ಕೆ ಡಾಕ್ಟರುಗಳು ಪುರಾವೆ ಕೊಟ್ಟಿದ್ದಾರೆ. ಫ್ರಾನ್ಸ್ ಡಾಕ್ಟರುಗಳು 2024ರಲ್ಲಿ ಬರೆದ ಕೇಸು ಓದಿ ನಂಗೆ ಕೈಕಾಲು ತಣ್ಣಗಾಯ್ತು. 26 ವರ್ಷದ ಹುಡುಗಿ, ಮೊದಲು ಯಾವ ಕಾಯಿಲೆನೂ ಇಲ್ಲ. 2020, 2021, 2022, ಮೂರು ಸಲ ಸ್ಟ್ರೈಟನಿಂಗ್ ಮಾಡಿಸಿದಾಗ ಮೂರು ಸಲವೂ ವಾಂತಿ, ಭೇದಿ, ಬೆನ್ನುನೋವು, ಕಿಡ್ನಿಗೆ ಏಟು. ಕ್ರೀಮಲ್ಲಿ ಆ ಆಸಿಡ್ ಇದ್ದಿದ್ದು ನೂರಕ್ಕೆ ಹತ್ತು ಭಾಗ.

ನನ್ನ ತಂಗಿ ವರ್ಷಕ್ಕೊಂದ್ಸಲ ಹೋಗ್ತಾಳೆ. ಐರನ್ ಹಿಡ್ಕೊಂಡಿದ್ದ ಆ ಹುಡುಗಿ? ಹತ್ತೊಂಬತ್ತೋ ಇಪ್ಪತ್ತೋ ಇರ್ಬೇಕು, ಹಳ್ಳಿಯಿಂದ ಬಸ್ಸಲ್ಲಿ ಬರ್ತಾಳಂತೆ. ಬಾಯಿಗೆ ಒಂದು ಬಟ್ಟೆ ಮಾಸ್ಕು, ಕಣ್ಣು ಕೆಂಪಗೆ, ಮಧ್ಯ ಮಧ್ಯ ಆಕಡೆ ತಿರುಗಿ ಕೆಮ್ಮೋಳು. ಬಟ್ಟೆ ಮಾಸ್ಕು ಗ್ಯಾಸ್ ತಡೆಯಲ್ಲ ಕಣ್ರೀ! ದಿನವಿಡೀ ಅದೇ ಹೊಗೆ ಕುಡಿಯೋ ಅವಳಿಗೆ ಇದೇನು ಅಂತ ಹೇಳೋರ್ಯಾರು? ಒಂದು ಎಕ್ಸಾಸ್ಟ್ ಫ್ಯಾನ್ ಹಾಕ್ಸೋ ಯೋಗ್ಯತೆ ಇಲ್ಲ, ಗೋಡೆ ತುಂಬ ಗಾಜು, ಲೈಟು.

ಕ್ರೀಮಿನಲ್ಲಿ ಏನೇನಿದೆ ಅಂತ ಲೇಬಲ್ ಮೇಲೆ ಬರೀಲೇಬೇಕು ಅಂತ ನಮ್ಮ ದೇಶದ ಕಾನೂನೇ ಇದೆ. ಅದನ್ನ ಗಿರಾಕಿ ಕೇಳಿದ್ರೆ ಜಗಳಗಂಟಿ ಥರ ನೋಡ್ತಾರೆ.

ಚಿಕ್ಕಪ್ಪನ ಮಗಳ ಮದುವೆ ಹತ್ರ ಬಂತು. ಅದೇ ಸಲೂನಿಂದ ಫೋನು, ಮನೆಯವರೆಲ್ಲ ಒಟ್ಟಿಗೆ ಬಂದ್ರೆ ಡಿಸ್ಕೌಂಟಂತೆ. ಮೊದಲು ಡಬ್ಬದ ಹಿಂಭಾಗದ ಫೋಟೋ ವಾಟ್ಸಾಪ್ ಮಾಡಿ ಅಂದೆ. ಕಟ್ ಮಾಡಿದ್ರು.